ತುಂಗಭದ್ರೆಯ ಹರಿಗೋಲು: ಕಸುಬು ಮತ್ತು ಅಪಾಯ

ಬಳ್ಳಾರಿ ಸೀಮೆಯ ತುಂಗಭದ್ರೆ ಬಂಡೆಗಳ ಹೊಳೆ. ಮರದ ದೋಣಿ ಕಲ್ಲಿಗೆ ತಾಗಿ ಒಡೆಯುವ ಕಡೆ ಬಿದಿರು ದಬ್ಬೆಯಲ್ಲಿ ಹೆಣೆದ ಹರಿಗೋಲು ಬಳುಕಿ ಜಾರಿಕೊಳ್ಳುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಚರ್ಮ ಹೊದಿಸಿದ ಈ ದುಂಡು ಬುಟ್ಟಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆ ಎಂಬುದೂ ಅವನ ಕಣ್ಣಿಗೆ ಬಿದ್ದಿತ್ತು. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಹೊಳೆ ದಾಟಲು ಇಂಥ ಬುಟ್ಟಿದೋಣಿಗಳನ್ನೇ ನೆಚ್ಚಿಕೊಂಡಿತು.

ಅದೇ ವರ್ಷ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಸಿರುಗುಪ್ಪದ ದಡ ಮದರಾಸಿಗೆ ಸೇರಿತು, ಎದುರಿನ ಸಿಂಧನೂರು ಕಡೆಯ ದಡ ಹೈದರಾಬಾದಿಗೆ ಉಳಿಯಿತು. ಹೊಳೆ ಗಡಿಯಾಯಿತೇ ಹೊರತು ನೆಂಟಸ್ತನ, ಸಂತೆ, ಜಾತ್ರೆ ನಿಲ್ಲಲಿಲ್ಲ. ಸೇತುವೆ ಇಲ್ಲದ ಊರುಗಳಿಗೆ ಅಂಬಿಗನೇ ಗತಿ.

ಹರಿಗೋಲಿಗೆ ಹಿಂದು ಮುಂದು ಇಲ್ಲ. ಕಲಿಯದವನು ದೋಣಿಯ ರೀತಿ ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಬಲ್ಲವನು ಮುಂದಕ್ಕೆ ಬಾಗಿ, ಎದುರಿನ ನೀರನ್ನು ಎಡಕ್ಕೂ ಬಲಕ್ಕೂ ತನ್ನತ್ತ ಸೆಳೆದುಕೊಳ್ಳುತ್ತಾನೆ. ಸೆಳವು ಎಷ್ಟು ದೂರ ಒಯ್ಯುತ್ತದೆಂದು ಲೆಕ್ಕ ಹಾಕಿ, ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ನಡೆದು ನೀರಿಗಿಳಿಸುತ್ತಾನೆ. ಆಗ ಮಾತ್ರ ಎದುರು ದಡದಲ್ಲಿ ಬೇಕಾದ ಕಡೆಗೇ ಮುಟ್ಟಲು ಸಾಧ್ಯ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂದರೂ ಈ ವಿದ್ಯೆ ಬದಲಾಗಿಲ್ಲ.

ಅಪಾಯ ಎಲ್ಲರಿಗೂ ಒಂದೇ ಬಗೆಯದಲ್ಲ. ವರ್ಷದ ಬಹುಕಾಲ ಮರಳಷ್ಟೇ ಕಾಣುವ ಹಗರಿ ಹೊಳೆಯ ಕಡೆಯ ಬಳ್ಳಾರಿಯವರಿಗೆ, ಕುರುಗೋಡಿನ ಒಣಬೇಸಾಯದವರಿಗೆ ತುಂಬು ಹೊಳೆಯ ರೂಢಿ ಕಡಿಮೆ. ಬುಟ್ಟಿ ತಿರುಗಿದಾಗ ಗಾಬರಿಯಾಗಿ ಎದ್ದು ನಿಲ್ಲುವುದು, ಎಲ್ಲರೂ ಒಂದೇ ಬದಿಗೆ ವಾಲುವುದು ಹೊಸಬರ ತಪ್ಪು. ಮಗುಚಲು ಅಷ್ಟೇ ಸಾಕು. ನುರಿತ ಅಂಬಿಗನ ಅಪಾಯ ಬೇರೆ. ಹೊಳೆ ಏರಿದ ದಿನ ಉಳಿದವರು ದಡದಲ್ಲಿ ನಿಂತರೆ ಕರೆ ಬರುವುದು ಅವನಿಗೇ, ಹೆಚ್ಚು ಜನರನ್ನು ಹತ್ತಿಸಿಕೊಳ್ಳುವ ಧೈರ್ಯ ಮಾಡುವವನೂ ಅವನೇ. ಕೈಚಳಕ ಹೆಚ್ಚಿದಷ್ಟೂ ಸುರಕ್ಷತೆ ಹೆಚ್ಚುತ್ತದೆ ಎನ್ನುವುದು ಅರ್ಧ ಸತ್ಯ.

ಅಂಬಿಗನ ಅನುಭವಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಅಣೆಕಟ್ಟೆ. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಮೊದಲು ನೀರಿನ ಬಣ್ಣ, ತೇಲಿ ಬರುವ ಕಸಕಡ್ಡಿ ನೋಡಿ ಪ್ರವಾಹದ ಸುಳಿವು ಹಿಡಿಯಬಹುದಿತ್ತು. ಈಗ ಬಿಸಿಲಿನ ದಿನವೂ ಹೊಳೆ ಏರಬಹುದು. ಏರಿಳಿತ 33 ಗೇಟುಗಳ ಕೈಯಲ್ಲಿದೆ. 2009ರ ಅಕ್ಟೋಬರ್ ಪ್ರವಾಹದಲ್ಲಿ ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರುಗಳು ಮುಳುಗಿದವು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು.

ಹರಿಗೋಲು ಹತ್ತುವವರು ಲೈಫ್ ಜಾಕೆಟ್ ಕೇಳಿ ಪಡೆಯಬೇಕು. ಹೊಳೆ ಶಾಂತವಾಗಿ ಕಂಡರೂ ಆ ದಿನ ಜಲಾಶಯದಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆಂದು ವಿಚಾರಿಸಿಯೇ ಕಾಲಿಡಬೇಕು.