ಹಳಿಯಿಂದ ಬಟನ್‌ವರೆಗೆ: ಶಿರಾಲಿಯ ರಸ್ತೆಯೂ ಟೈರಿನ ಆಯ್ಕೆಯೂ

ಮೇ ತಿಂಗಳ ಕೊನೆಯ ವಾರ. ಶಿರಾಲಿಯಲ್ಲಿ ಹೆದ್ದಾರಿ ಬದಿಯ ಒಂದು ಟೈರಿನಂಗಡಿಯ ಮುಂದೆ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ನಿಂತಿದ್ದೆವು. ಅವನದು ಪೋಲೊ ಜಿಟಿ. ನೋಡಲು ಚಿಕ್ಕದು, ಎಂಜಿನ್ನಿಗೆ ಮಾತ್ರ ಬಹಳ ಹುಮ್ಮಸ್ಸು. ಅದರಲ್ಲೇ ದಿನವೂ ಕುಮಟೆಗೆ ಕೆಲಸಕ್ಕೆ ಹೋಗಿಬರುತ್ತಾನೆ. ಎರಡೂ ಕಡೆ ಸೇರಿದರೆ ನೂರು ಕಿಲೋಮೀಟರಿನ ಹತ್ತಿರ. ಅಂಗಡಿಯವರು ಬಗ್ಗಿ ಮುಂದಿನ ಟೈರಿನ ಗೀರಿನಲ್ಲಿ ಉಗುರು ಆಡಿಸಿ, "ಬಟನ್ ಖಾಲಿ" ಎಂದರು. ತಮ್ಮ ಮೊಬೈಲ್ ತೆಗೆದು, ತಿಂಗಳಿಂದ ಓದಿ ಪಟ್ಟಿ ಮಾಡಿಕೊಂಡಿದ್ದ ಏಳೆಂಟು ಟೈರುಗಳ ಹೆಸರು ಹೇಳಿದ. ಅಂಗಡಿಯವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಓಟಕ್ಕೋ, ಮಳೆಗೋ?"

ಇತಿಹಾಸ ಓದುವವರಿಗೆ ಇಂಥ ಪ್ರಶ್ನೆಗಳು ಕಾಡುತ್ತವೆ. ಈ ರಸ್ತೆಯಲ್ಲಿ ಓಡಾಡಿದ ನಮ್ಮ ಅಜ್ಜನಿಗೆ ಯಾರಾದರೂ ಹೀಗೆ ಕೇಳಿದ್ದರೇ? ಕೇಳಿರಲಾರರು. ಟೈರನ್ನು ಆರಿಸುವುದು ಎಂಬುದೇ ನಮ್ಮಲ್ಲಿ ತೀರಾ ಇತ್ತೀಚಿನ ಸಂಗತಿ. ಅದಕ್ಕೆ ಮೊದಲು ಇದ್ದದ್ದು ಸಿಕ್ಕಿದ್ದನ್ನು ಹಾಕಿಕೊಂಡು ಸವೆಸುವ, ಸವೆದದ್ದನ್ನು ಮತ್ತೆ ಹೊಸದಾಗಿಸುವ ಚರಿತ್ರೆ.

ಕನ್ನಡದಲ್ಲಿ ಟೈರಿಗೆ ಹಳೆಯ ಪದವೊಂದಿದೆ: ಹಳಿ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಿ ಅದು. ಕಮ್ಮಾರ ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ಕೂರಿಸಿ ಮೇಲೆ ನೀರು ಸುರಿಯುತ್ತಿದ್ದ. ಕಬ್ಬಿಣ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಮುಂದೆ ಅದೇ ಪದ ರೈಲಿನ ಕಂಬಿಗೂ ಅಂಟಿತು. ಇವತ್ತು ಶಿರಾಲಿಯ ಪಕ್ಕದಲ್ಲೇ ಕೊಂಕಣ ರೈಲಿನ ಹಳಿ ಹಾದುಹೋಗಿದೆ; ಗಾಡಿಯ ಹಳಿ ಮಾತ್ರ ಕಣ್ಮರೆಯಾಗಿದೆ.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಆ ಕಬ್ಬಿಣದ ಹಳಿಗೆ ದೊಡ್ಡ ಪಾತ್ರವಿತ್ತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ವಿಲಾಯತಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯದೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ, ಬಂದರಿನ ಲೆಕ್ಕಾಚಾರವಿತ್ತು. ಆ ಗಾಡಿಗಳಿಗೆ ಘಟ್ಟದ ರಸ್ತೆ ಬೇಸಿಗೆಯ ರಸ್ತೆ. ಮಳೆಗಾಲದಲ್ಲಿ ಕೆಸರಿಗೆ ಇಳಿದ ಕಬ್ಬಿಣದ ಹಳಿ ರಸ್ತೆಯನ್ನೇ ಕೊರೆದು ಹಾಕುತ್ತಿತ್ತು. ನೀರಿನ ಜೊತೆ ಗಾಲಿಯ ಜಗಳ ನಮ್ಮಲ್ಲಿ ರಬ್ಬರಿಗಿಂತ ಹಳೆಯದು.

ರಬ್ಬರಿನ ಕಥೆ ಬೇರೆ ಕಡೆ ಶುರುವಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಬಿಸಿಲಿಗೆ ಕರಗದೆ, ಚಳಿಗೆ ಒಡೆಯದೆ ಉಳಿಯುತ್ತದೆಂದು ಕಂಡುಕೊಂಡ. 1845ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ ಗಾಳಿ ತುಂಬಿದ ಗಾಲಿಗೆ ಪೇಟೆಂಟ್ ಪಡೆದ; ಜಗತ್ತು ಗಮನಿಸಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದಾಗ ಸೈಕಲ್ಲಿನ ಹುಚ್ಚು ಶುರುವಾಗಿತ್ತು, ಹಿಂದೆಯೇ ಮೋಟಾರು ಬಂತು. ರಬ್ಬರಿನ ಹಸಿವು ಏರಿತು. ಅದಕ್ಕೆ ಬೆಲೆ ತೆತ್ತವರು ಅಮೆಜಾನಿನ ಮತ್ತು ಕಾಂಗೋದ ಜನ. ಬೆಲ್ಜಿಯಂನ ದೊರೆ ಲಿಯೊಪೋಲ್ಡನ ಆಳ್ವಿಕೆಯಲ್ಲಿ ಕಾಂಗೋದಲ್ಲಿ ನಡೆದ ಕ್ರೌರ್ಯವನ್ನು 1904ರ ರೋಜರ್ ಕೇಸ್‌ಮೆಂಟ್ ವರದಿ ಲೋಕದ ಮುಂದಿಟ್ಟಿತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಒಯ್ದ ಬೀಜಗಳಿಂದ ಹುಟ್ಟಿದ ಸಸಿಗಳು ಸಿಂಹಳ, ಮಲಯಾಗಳಲ್ಲಿ ತೋಟಗಳಾದವು. 20ನೇ ಶತಮಾನದ ಆರಂಭದಲ್ಲಿ ಕೇರಳದಲ್ಲೂ ಬೇರುಬಿಟ್ಟವು.

ಕರಾವಳಿಗೆ ಗಾಳಿಯ ಟೈರು ಬಂದದ್ದು ಬಸ್ಸಿನ ಜೊತೆ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಜನರ ಬಾಯಲ್ಲಿ ಸಿ.ಪಿ.ಸಿ., ಶುರುವಾಯಿತು. ಕರಾವಳಿಯ ರಸ್ತೆ ಎಂದರೆ ಆಗ ಹೊಳೆಗಳ ನಡುವಿನ ತುಂಡು ತುಂಡು ದಾರಿ. ಹೊಳೆ ಬಂದಲ್ಲಿ ಇಳಿದು ಕಡವು ದಾಟಿ ಆಚೆ ಮತ್ತೆ ಬಸ್ಸು ಹತ್ತಬೇಕು. ವೇಗದ ಪ್ರಶ್ನೆಯೇ ಇರಲಿಲ್ಲ. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನಿನ ಕೈಗೆ ಬಿದ್ದಾಗ ಜಗತ್ತಿನ ರಬ್ಬರಿನ ಬಹುಪಾಲೂ ಅದರ ಜೊತೆಗೇ ಹೋಯಿತು. ನಮ್ಮಲ್ಲಿ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನ ಬಸ್ಸುಗಳು ಓಡಿದವು. ಅದಕ್ಕಿಂತ ದೊಡ್ಡ ತಲೆನೋವು ಟೈರಿನದು. ಇದ್ದಿಲನ್ನು ಕಾಡಿನಲ್ಲಿ ಸುಟ್ಟು ತರಬಹುದು, ಟೈರನ್ನು ತರುವುದು ಎಲ್ಲಿಂದ?

ಆ ಅಭಾವ ಸ್ವಾತಂತ್ರ್ಯದ ನಂತರವೂ ಬೇಗ ಹೋಗಲಿಲ್ಲ. ಡನ್ಲಪ್ ಕಂಪನಿ 1936ರಲ್ಲೇ ಬಂಗಾಳದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆದಿತ್ತು. ಮದ್ರಾಸಿನಲ್ಲಿ 1946ರಲ್ಲಿ ಆಟದ ಬಲೂನು ಮಾಡುತ್ತ ಹುಟ್ಟಿದ ಎಂ.ಆರ್.ಎಫ್., ಟೈರಿಗೆ ಬರುವ ಮೊದಲು 1952ರಲ್ಲಿ ಹಿಡಿದ ದಾರಿ ಟ್ರೆಡ್ ರಬ್ಬರಿನದು, ಅಂದರೆ ಸವೆದ ಟೈರಿಗೆ ಹೊಸ ಮೈ ಅಂಟಿಸುವ ರಬ್ಬರಿನದು. ಹೊಸ ಟೈರಿಗಿಂತ ಹಳೆ ಟೈರಿನ ಮರುಜನ್ಮಕ್ಕೇ ಇಲ್ಲಿ ಹೆಚ್ಚು ಗಿರಾಕಿಗಳಿದ್ದರು. ನಮ್ಮ ಲಾರಿಯವರ ಮಾತಿನ 'ರೀಬಟನ್' ಆ ಕಾಲದ ಬದುಕಿನದು. ಟೈರಿನ ಮೇಲಿನ ಉಬ್ಬುಗಳಿಗೆ ಬಟನ್ ಎಂಬ ಹೆಸರನ್ನು ಯಾರು ಕೊಟ್ಟರೋ, ಅಂಗಿಯ ಗುಂಡಿಯ ಹಾಗೆ ಕಿತ್ತುಹೋದರೆ ಮತ್ತೆ ಹೊಲಿಯಬಹುದೆಂಬ ನಂಬಿಕೆ ಆ ಪದದಲ್ಲಿದೆ. ಲೈಸೆನ್ಸಿನ ಆ ದಶಕಗಳಲ್ಲಿ ಕಾರ್ಖಾನೆ ಎಷ್ಟು ಟೈರು ಮಾಡಬೇಕೆಂಬುದನ್ನೂ ದಿಲ್ಲಿಯೇ ಹೇಳುತ್ತಿತ್ತು. ಗಿರಾಕಿ ಕೇಳುತ್ತಿದ್ದುದು "ಯಾವುದು ಒಳ್ಳೆಯದು" ಎಂದಲ್ಲ, "ಇದೆಯಾ" ಎಂದು.

ಕರ್ನಾಟಕ ಸರ್ಕಾರವೂ ಸಹಭಾಗಿಯಾಗಿ ಮೈಸೂರಿನಲ್ಲಿ ವಿಕ್ರಾಂತ್ ಟೈರ್ಸ್ ಸ್ಥಾಪಿಸಿದ್ದು ಈ ಹಿನ್ನೆಲೆಯಲ್ಲಿ. ನಮ್ಮ ರಾಜ್ಯದ ರಸ್ತೆಗಳಲ್ಲಿ ಆ ಹೆಸರು ಬಹಳ ಕಾಲ ಮನೆಮಾತಾಗಿತ್ತು. 1997ರಲ್ಲಿ ಅದು ಜೆ.ಕೆ. ಸಮೂಹದ ಕೈಸೇರಿತು. ಅದೇ ಜೆ.ಕೆ. 1977ರಲ್ಲಿ ಭಾರತಕ್ಕೆ ರೇಡಿಯಲ್ ಟೈರನ್ನು ತಂದಿತ್ತು. ಹಳೆಯ ಟೈರಿನೊಳಗೆ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಪಕ್ಕ ಬಾಗಿದರೆ ನೆಲಕ್ಕೆ ತಾಗುವ ಭಾಗವೂ ಸೊಟ್ಟಗಾಗುತ್ತದೆ. ರೇಡಿಯಲ್‌ನಲ್ಲಿ ನೂಲು ಅಂಚಿನಿಂದ ಅಂಚಿಗೆ ನೇರ, ಮೇಲೆ ಉಕ್ಕಿನ ಪಟ್ಟಿ. ಪಕ್ಕ ಎಷ್ಟು ಬಾಗಿದರೂ ಅಡಿಭಾಗ ನೆಲಕ್ಕೆ ಚಪ್ಪಟೆಯಾಗಿ ಕೂತಿರುತ್ತದೆ. ಫ್ರಾನ್ಸಿನ ಮಿಶೆಲಿನ್ 1946ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿತ್ತು. ನಮಗೆ ಮೂವತ್ತು ವರ್ಷ ತಡ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದೆ ಕಾರು ಹೊಂದುವುದೂ ಅದರ ಟೈರಿನ ಬಗ್ಗೆ ಯೋಚಿಸುವುದೂ ಶಿರಾಲಿಯಂಥ ಊರುಗಳಿಗೂ ತಲುಪಿತು.

1991ರ ನಂತರ ಅಂಗಡಿಗಳು ತುಂಬಿದವು. ವಿದೇಶಿ ಹೆಸರುಗಳು ಬಂದವು, ಹುಮ್ಮಸ್ಸಿನ ಸಣ್ಣ ಕಾರುಗಳು ಬಂದವು, ಟೈರನ್ನು ಆರಿಸುವುದು ಒಂದು ಹವ್ಯಾಸವೇ ಆಯಿತು. ಆದರೆ ಚರಿತ್ರೆ ನೇರ ಗೆರೆಯಲ್ಲಿ ಹೋಗುವುದಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು 'ನಿರ್ಬಂಧಿತ' ಪಟ್ಟಿಗೆ ಸೇರಿಸಿತು. ತರಿಸಬೇಕೆಂದರೆ ಮತ್ತೆ ಪರವಾನಗಿ. ತಮ್ಮನ ಪಟ್ಟಿಯಲ್ಲಿದ್ದ ಎರಡು ಟೈರುಗಳ ಬಗ್ಗೆ ಅಂಗಡಿಯವರು "ಆ ಸೈಜಿನಲ್ಲಿ ಈಗ ಬರುದಿಲ್ಲ" ಎಂದರು. ಅಜ್ಜನ ಕಾಲದ "ಇದೆಯಾ" ಎಂಬ ಪ್ರಶ್ನೆ ಹೊಸ ಅಂಗಿ ತೊಟ್ಟು ಬಂದಹಾಗಿತ್ತು.

ಇನ್ನು ಉಳಿದವುಗಳಲ್ಲಿ ಆರಿಸಬೇಕು. ಟೈರಿನ ಪಕ್ಕದ ಮೇಲಿನ ಬರಹ ಒಂದು ಶಾಸನದ ಹಾಗೆ. ಓದಲು ಬಂದರೆ ಬಹಳಷ್ಟು ಹೇಳುತ್ತದೆ. ತಮ್ಮನ ಹಳೆ ಟೈರಿನ ಮೇಲೆ 195/55 ಆರ್16 87ವಿ ಎಂದಿತ್ತು. 195 ಮಿ.ಮೀ. ಅಗಲ, ಪಕ್ಕದ ಎತ್ತರ ಅದರ ಶೇ. 55, ಆರ್ ಎಂದರೆ ರೇಡಿಯಲ್, 16 ಅಂಗುಲದ ರಿಮ್ಮು, 87 ಎಂದರೆ ಒಂದು ಟೈರು 545 ಕೆ.ಜಿ. ಹೊರಬಲ್ಲದು, ವಿ ಎಂದರೆ ಗಂಟೆಗೆ 240 ಕಿ.ಮೀ.ವರೆಗೆ ತಾಳಬಲ್ಲದು. ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ಅಂಗಡಿಯಲ್ಲಿ ಮೂರು ವರ್ಷ ಕೂತ ಟೈರು ನೋಡಲು ಹೊಸದೇ, ವಯಸ್ಸಿನಲ್ಲಿ ಅಲ್ಲ.

ಒಂದು ಟೈರಿನ ಮೇಲೆ ಎಂ+ಎಸ್ ಎಂದಿತ್ತು. "ಎಂ ಅಂದ್ರೆ ಮಳೆ, ಎಸ್ ಅಂದ್ರೆ ಸೆಖೆ. ನಮ್ಗೇ ಮಾಡಿದ್ದು ಮಾರಾಯ" ಎಂದ ತಮ್ಮ. ನಕ್ಕೆವು. ಅದು ಕೆಸರು ಮತ್ತು ಹಿಮದ ಗುರುತು. ಈ ಬರಹಗಳೆಲ್ಲ ಬೇರೆ ಹವಾಮಾನದಲ್ಲಿ ಹುಟ್ಟಿದವು. ಯುರೋಪಿನಲ್ಲಿ 'ಬೇಸಿಗೆ ಟೈರು' ಎಂದರೆ ಉಷ್ಣಾಂಶ 7 ಡಿಗ್ರಿಗಿಂತ ಮೇಲಿದ್ದಾಗ ಹಾಕುವುದು. ಆ ಲೆಕ್ಕದಲ್ಲಿ ಶಿರಾಲಿಯ ಜುಲೈ ತಿಂಗಳೂ ಬೇಸಿಗೆಯೇ! ಹಾಗಾಗಿ ಹೆಸರು ನೋಡಿ ಹೆದರಬೇಕಿಲ್ಲ. ಒಳ್ಳೆಯ ಬೇಸಿಗೆ ಟೈರು ಒದ್ದೆ ರಸ್ತೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ. 1990ರ ದಶಕದಿಂದ ರಬ್ಬರಿಗೆ ಇಂಗಾಲದ ಮಸಿಯ ಜೊತೆ ಸಿಲಿಕಾ ಸೇರಿಸುವ ಕ್ರಮ ಬಂದದ್ದು ಇದಕ್ಕೆ ಒಂದು ಕಾರಣ. ಹೆದರಬೇಕಾದದ್ದು ಓಟದ ಅಂಕಣಕ್ಕೆಂದೇ ಮಾಡಿದ, ಗೀರುಗಳೇ ಕಡಿಮೆ ಇರುವ ಟೈರುಗಳಿಗೆ, ಮತ್ತು ಸವೆದ ಯಾವ ಟೈರಿಗಾದರೂ.

ಅದಕ್ಕೆ ಕಾರಣ ನೀರು. 1963ರಲ್ಲಿ ಅಮೆರಿಕದ ನಾಸಾದಲ್ಲಿ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್, ಒದ್ದೆ ರನ್‌ವೇಯಲ್ಲಿ ವಿಮಾನಗಳು ಯಾಕೆ ಜಾರುತ್ತವೆಂದು ಹುಡುಕುತ್ತ ಒಂದು ಸರಳ ಸೂತ್ರ ಕೊಟ್ಟರು. ನೀರು ಟೈರಿನ ಗೀರುಗಳ ಆಳವನ್ನು ಮೀರಿದಾಗ, ಒಂದು ವೇಗ ದಾಟಿದರೆ ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ; ಆ ವೇಗ ಟೈರಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. ಲೆಕ್ಕ ಹಾಕಿದರೆ 32 ಪಿ.ಎಸ್.ಐ. ಗಾಳಿಗೆ ಗಂಟೆಗೆ ಸುಮಾರು 94 ಕಿ.ಮೀ.; 25 ಪಿ.ಎಸ್.ಐ.ಗೆ ಸುಮಾರು 83. ಕಾರಿನ ಟೈರಿಗೆ ಇದು ಅಂದಾಜು ಮಾತ್ರ, ಆದರೆ ಪಾಠ ಸ್ಪಷ್ಟ. ಮಳೆಯಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸುವ ರೂಢಿ ಉಲ್ಟಾ ಕೆಲಸ ಮಾಡುತ್ತದೆ. ಅಗಲದ ಆಸೆಯೂ ಹಾಗೆಯೇ. ಅದೇ ತೂಕಕ್ಕೆ ಟೈರು ಅಗಲವಾದಷ್ಟೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಕಾನೂನಿನ ಪ್ರಕಾರ ಕಾರಿನ ಟೈರಿನ ಗೀರು 1.6 ಮಿ.ಮೀ. ಆಳ ಇದ್ದರೆ ಸಾಕು. ಆದರೆ 3 ಮಿ.ಮೀ.ಗಿಂತ ಕೆಳಗೆ ಬಂದಂತೆ ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿಯುವ ದೂರ ಬೇಗ ಬೇಗ ಹೆಚ್ಚುತ್ತದೆ. 1.6 ಎಂಬುದು ಪಾಸಾಗುವ ಅಂಕ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ 24 ಗಂಟೆಗಳಲ್ಲಿ 500 ಮಿ.ಮೀ. ಮೀರಿ ಸುರಿದ ಮಳೆಗೆ ಆ ಅಂಕ ಸಾಲುವುದಿಲ್ಲ.

ಇಲ್ಲಿಗೆ ಬರುವಾಗ ತಮ್ಮನ ನಗು ನಿಂತಿತ್ತು. ಅವನ ಕಾರು ಅವನ ಹುಮ್ಮಸ್ಸಿಗೆ ಮಾತ್ರ ಇರುವುದಲ್ಲ. ಮನೆಯಲ್ಲಿ ಯಾರಿಗಾದರೂ ಎದೆ ನೋವು ಬಂದರೆ ಅದೇ ಕಾರು ನೂರು ಕಿಲೋಮೀಟರಿನಷ್ಟು ದೂರದ ಮಣಿಪಾಲಕ್ಕೆ ಓಡಬೇಕು. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಒದ್ದೆ ರಸ್ತೆಯ ಮೇಲೆ ಜಾರಿ ಅಪ್ಪಳಿಸಿತು, ನಾಲ್ವರು ತೀರಿಕೊಂಡರು. ಆ ದೃಶ್ಯವನ್ನು ಇಲ್ಲಿಯವರು ಮೊಬೈಲಿನಲ್ಲಿ ನೋಡಿದ್ದಾರೆ, ಮರೆತಿಲ್ಲ. ಹಿಂದೆ ಹೆದ್ದಾರಿ 17 ಆಗಿದ್ದು ಈಗ 66 ಆಗಿರುವ ಈ ರಸ್ತೆ ಅಗಲವಾಯಿತು, ನೇರವಾಯಿತು, ಕಡವುಗಳು ಹೋಗಿ ಸೇತುವೆಗಳು ಬಂದವು. ಎತ್ತಿನ ಗಾಡಿಯನ್ನು ತಡೆಯುತ್ತಿದ್ದ ಮಳೆ ನಮ್ಮನ್ನು ತಡೆಯುವುದಿಲ್ಲ. ತಡೆಯದ ಕಾರಣಕ್ಕೇ ಟೈರಿನ ಗೀರಿನ ಆಳ ನಾವು ಲೆಕ್ಕ ಇಡಬೇಕಾದ ವಿಷಯವಾಗಿದೆ.

ಕೊನೆಗೆ ತಮ್ಮ 205ರ ಆಸೆ ಬಿಟ್ಟು ಅದೇ 195ರ ಅಳತೆಯಲ್ಲಿ, ಒದ್ದೆ ಹಿಡಿತಕ್ಕೆ ಒಳ್ಳೆಯ ಹೆಸರಿರುವ, ಆ ವರ್ಷವೇ ತಯಾರಾದ ನಾಲ್ಕು ಟೈರು ಆರಿಸಿದ. ಎರಡೇ ಸಾಕೆಂದು ಮೊದಲು ಅಂದುಕೊಂಡಿದ್ದ. ಹಿಂದಿನವು ಜಾರಿದರೆ ಕಾರು ತಿರುಗಿ ನಿಲ್ಲುತ್ತದೆಂದು ಅಂಗಡಿಯವರು ಕೈಯಲ್ಲೇ ತೋರಿಸಿದರು. ಗಾಳಿಯನ್ನು ಕಾರಿನ ಬಾಗಿಲ ಪಟ್ಟಿಯಲ್ಲಿ ಬರೆದಷ್ಟೇ ತುಂಬಿಸಿದೆವು. "ಮಳೆಗೇ ಹಾಕಿ, ಓಟ ಆಮೇಲೆ ನೋಡುವ" ಎಂದ.

ಹಳೆಯ ನಾಲ್ಕನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಎರಡು ಅಳ್ವೇಕೋಡಿಯ ದೋಣಿಯವರಿಗೆ ಬೇಕಂತೆ. ದೋಣಿ ದಕ್ಕೆಗೆ ಬಡಿಯದ ಹಾಗೆ ಪಕ್ಕಕ್ಕೆ ಕಟ್ಟಲು. ಅಲ್ಲಿ ಬಟನ್ ಇಲ್ಲದಿದ್ದರೂ ನಡೆಯುತ್ತದೆ.