ನಡುಬೀದಿಯ ಉದ್ದರಿ ಪುಸ್ತಕ

ಒಂದು ಊರಿನ ಚರಿತ್ರೆಯನ್ನು ಅದರ ಕೋಟೆಕೊತ್ತಲಗಳಿಂದ ತಿಳಿಯಬಹುದು, ಶಾಸನಗಳಿಂದ ತಿಳಿಯಬಹುದು. ಆದರೆ ಕೋಟೆಯೂ ಶಾಸನವೂ ಇಲ್ಲದ ಊರುಗಳುಂಟು. ಅವುಗಳ ಚರಿತ್ರೆ ಬಹುಮಟ್ಟಿಗೆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅಡಗಿರುತ್ತದೆ. ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಸಣ್ಣ ಪಟ್ಟಣಗಳು ಈ ಬಗೆಯವು.

ಅಂಥ ಪಟ್ಟಣಗಳಲ್ಲಿ ಒಂದಕ್ಕೆ ಸಾಹಿತ್ಯದಿಂದಾಗಿ ಹೆಸರು ಬಂದಿದೆ. ಅದು ಮಿನೆಸೋಟ ರಾಜ್ಯದ ಸಾಕ್ ಸೆಂಟರ್. ಕಾದಂಬರಿಕಾರ ಸಿಂಕ್ಲೇರ್ ಲೂಯಿಸ್ 1885ರಲ್ಲಿ ಹುಟ್ಟಿದ್ದು ಅಲ್ಲಿ. ತಂದೆ ಆ ಊರಿನ ವೈದ್ಯ. 1920ರಲ್ಲಿ ಪ್ರಕಟವಾದ ‘ಮೇನ್ ಸ್ಟ್ರೀಟ್’ ಕಾದಂಬರಿಯಲ್ಲಿ ಲೂಯಿಸ್ ಈ ಊರಿಗೆ ಗೋಫರ್ ಪ್ರೈರಿ ಎಂಬ ಬೇರೆ ಹೆಸರಿಟ್ಟು, ಅದರ ನಡುಬೀದಿಯನ್ನು ಲೋಕದ ಮುಂದೆ ಬಿಚ್ಚಿಟ್ಟ. ನಗರದಲ್ಲಿ ಬೆಳೆದು, ಮದುವೆಯಾಗಿ ಆ ಊರಿಗೆ ಬಂದ ನಾಯಕಿ ಇಡೀ ಪಟ್ಟಣವನ್ನು ನಡೆದು ನೋಡಿ ಮುಗಿಸಲು ಮೂವತ್ತೆರಡು ನಿಮಿಷ ಸಾಕಾಗುತ್ತದೆ. ಅವಳಿಗೆ ಕಂಡದ್ದು ಅಂದಗೆಟ್ಟ ಅಂಗಡಿಗಳ ಸಾಲು; ಆಮೇಲೆ ತಿಳಿದದ್ದು ಕಿಟಕಿಯ ಪರದೆಗಳ ಹಿಂದೆ ಇಣುಕುವ ಕಣ್ಣುಗಳು.

ಆ ಕಣ್ಣುಗಳು ಸುಳ್ಳಲ್ಲ. ಆದರೆ ಅವು ಎಲ್ಲಿಂದ ಬಂದವೆಂಬುದನ್ನು ತಿಳಿಯಬೇಕಾದರೆ ಅಂಗಡಿಯ ಒಳಗೆ ಹೋಗಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಥ ಪಟ್ಟಣದ ಜೀವವಿದ್ದುದು ಸುತ್ತಲಿನ ಹೊಲಗಳಲ್ಲಿ. ರೈಲು ನಿಲ್ದಾಣ, ಅದರ ಪಕ್ಕದಲ್ಲಿ ಗೋದಿಯ ಎತ್ತರವಾದ ಕಣಜ, ಕುದುರೆಗಳನ್ನು ಬಾಡಿಗೆಗೆ ಕೊಡುವ ಲಾಯ, ಕಮ್ಮಾರನ ಕುಲುಮೆ, ಬ್ಯಾಂಕು, ಹೋಟೆಲು, ಮತ್ತು ಉಪ್ಪಿನಿಂದ ಹಿಡಿದು ನೇಗಿಲ ಗುಳದವರೆಗೆ ಎಲ್ಲವನ್ನೂ ಮಾರುವ ದೊಡ್ಡ ಅಂಗಡಿ—ಇಷ್ಟೇ ನಡುಬೀದಿ. ರೈತನ ಕೈಗೆ ಹಣ ಬರುತ್ತಿದ್ದುದು ಸುಗ್ಗಿಯಲ್ಲಿ. ಮಿಕ್ಕ ತಿಂಗಳುಗಳೆಲ್ಲ ಉದ್ದರಿ. ಅವನ ಹೆಂಡತಿ ಬೆಣ್ಣೆಯನ್ನೂ ಮೊಟ್ಟೆಯನ್ನೂ ತಂದು ಕೊಟ್ಟು, ಅದರ ಬೆಲೆಗೆ ಸಕ್ಕರೆ, ಬಟ್ಟೆ ಒಯ್ಯುತ್ತಿದ್ದಳು. ಶನಿವಾರ ಸಂಜೆ ಗಾಡಿಗಳು ಬೀದಿ ತುಂಬುತ್ತಿದ್ದವು. ಅಂಗಡಿಗಳು ರಾತ್ರಿ ಬಹಳ ಹೊತ್ತಿನವರೆಗೆ ತೆರೆದಿರುತ್ತಿದ್ದವು.

ಉದ್ದರಿ ಕೊಡುವವನು ಸಾಲಗಾರನನ್ನು ಅರಿತಿರಲೇಬೇಕು. ಯಾರ ಮನೆಯಲ್ಲಿ ಕಾಯಿಲೆ, ಯಾರ ಬೆಳೆಗೆ ಆಲಿಕಲ್ಲು ಬಿತ್ತು, ಯಾರು ಕುಡಿಯುತ್ತಾರೆ, ಇವೆಲ್ಲ ಅಂಗಡಿಕಾರನಿಗೆ ವ್ಯಾಪಾರದ ಸಂಗತಿಗಳು. ಬೆಳೆ ಹೋದ ವರ್ಷ ಒಂದು ಕುಟುಂಬವನ್ನು ವಸಂತದವರೆಗೆ ಕಾಪಾಡಿದ್ದು ಈ ಅರಿವೇ. ಆ ಮನೆಯ ಹುಡುಗಿ ರೇಷ್ಮೆಯ ರಿಬ್ಬನ್ನು ಕೇಳಿದಾಗ ಹುಬ್ಬೇರಿಸಿದ್ದೂ ಈ ಅರಿವೇ. ಬೆಲೆಯೂ ಎಲ್ಲರಿಗೂ ಒಂದೇ ಆಗಿರಬೇಕೆಂದಿರಲಿಲ್ಲ. ಬೇರೆ ಕಡೆ ಕೊಳ್ಳುವ ದಾರಿ ಕಾಣದ ರೈತನ ಮನಸ್ಸಿನಲ್ಲಿ ಕಹಿ ಬೆಳೆಯಿತು. ಆ ಕಹಿಯನ್ನೂ ಲೂಯಿಸ್ ಬರೆಯದೆ ಬಿಟ್ಟಿಲ್ಲ.

ಈ ಹಿಡಿತವನ್ನು ಸಡಿಲಿಸಿದವನು ಅದೇ ಮಿನೆಸೋಟದ ಒಬ್ಬ ಸ್ಟೇಷನ್ ಏಜೆಂಟ್ ಎಂಬುದು ಸ್ವಾರಸ್ಯದ ಸಂಗತಿ. 1886ರಲ್ಲಿ ನಾರ್ತ್ ರೆಡ್‌ವುಡ್ ನಿಲ್ದಾಣಕ್ಕೆ ಗಡಿಯಾರಗಳ ಪೆಟ್ಟಿಗೆಯೊಂದು ಬಂತು. ಅಲ್ಲಿಯ ವರ್ತಕ ಅದನ್ನು ಬೇಡವೆಂದ. ಏಜೆಂಟ್ ರಿಚರ್ಡ್ ಸಿಯರ್ಸ್ ಅವುಗಳನ್ನು ತಾನೇ ಕೊಂಡು, ರೈಲು ಮಾರ್ಗದ ಇತರ ಏಜೆಂಟರ ಮೂಲಕ ಮಾರಿಬಿಟ್ಟ. ಅಂಚೆಯ ಮೂಲಕ ಮಾರುವ ವಿದ್ಯೆಯನ್ನು ಚಿಕಾಗೋದ ಮಾಂಟ್‌ಗೊಮೆರಿ ವಾರ್ಡ್ 1872ರಲ್ಲೇ ಆರಂಭಿಸಿದ್ದ; ಸಿಯರ್ಸ್ ಅದನ್ನು ಮನೆಮನೆಗೆ ಮುಟ್ಟಿಸಿದ. 1897ರ ಅವನ ಸರಕಿನ ಪಟ್ಟಿ ಏಳುನೂರಕ್ಕೂ ಮಿಕ್ಕಿದ ಪುಟಗಳ ಗ್ರಂಥ. ಅದರಲ್ಲಿ ಅಚ್ಚಾದ ಬೆಲೆ ಎಲ್ಲರಿಗೂ ಒಂದೇ. ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದು ಆ ಸಂಸ್ಥೆ ಗಿರಾಕಿಗಳಿಗೆ ಹೇಳುತ್ತಿತ್ತು. ಇಂಗ್ಲಿಷ್ ತಡವರಿಸುವ ಸ್ವೀಡನ್ನಿನ, ಜರ್ಮನಿಯ ವಲಸೆಗಾರರಿಗೆ ಈ ಒಂದು ಮಾತು ಎಷ್ಟು ಧೈರ್ಯ ತಂದಿರಬೇಕು! ಪುಸ್ತಕದ ಮುಂದೆ ಕುಳಿತ ಹುಡುಗಿ ಯಾರ ಹುಬ್ಬನ್ನೂ ನೋಡದೆ ರಿಬ್ಬನ್ನನ್ನು ಆರಿಸಬಹುದಾಗಿತ್ತು.

1896ರಲ್ಲಿ ಹಳ್ಳಿಯ ಮನೆಗಳಿಗೇ ಅಂಚೆ ತಲುಪಿಸುವ ಪ್ರಯೋಗ ಆರಂಭವಾಯಿತು. ಅಲ್ಲಿಯವರೆಗೆ ಕಾಗದಕ್ಕಾಗಿ ಪೇಟೆಗೆ ಬರಬೇಕಾಗಿದ್ದ ರೈತನಿಗೆ ಆ ನೆಪವೂ ತಪ್ಪಿತು. 1913ರ ಜನವರಿ 1ರಿಂದ ದೊಡ್ಡ ಪೊಟ್ಟಣಗಳನ್ನೂ ಸರಕಾರದ ಅಂಚೆಯೇ ಹೊತ್ತು ತರತೊಡಗಿತು. ಸಣ್ಣ ಪಟ್ಟಣಗಳ ವರ್ತಕರು ಇದನ್ನು ತೀವ್ರವಾಗಿ ವಿರೋಧಿಸಿದ್ದರು. ಕೆಲವು ಊರುಗಳಲ್ಲಿ ಅವರು ಸರಕಿನ ಪಟ್ಟಿಗಳನ್ನು ತರಿಸಿ, ಬೀದಿಯಲ್ಲಿ ಒಟ್ಟಿ ಸುಟ್ಟದ್ದೂ ಉಂಟು. ಆ ಸಿಟ್ಟನ್ನು ಬರಿಯ ಲಾಭದಾಸೆಯೆಂದು ತಳ್ಳಿಹಾಕುವಂತಿಲ್ಲ. ಅವರ ವಾದದಲ್ಲಿ ಒಂದು ಸತ್ಯವಿತ್ತು: ಚಿಕಾಗೋದ ಕಂಪನಿಗೆ ಮುಂಗಡ ಹಣ ಬೇಕು, ಬೆಳೆ ಹೋದ ವರ್ಷ ಅದು ರೈತನ ಮನೆಯತ್ತ ನೋಡುವುದಿಲ್ಲ. ಅದು ಯಾರ ಕಷ್ಟವನ್ನೂ ಅರಿಯದು, ಯಾರ ಗುಟ್ಟನ್ನೂ ಅರಿಯದು.

ಆ ಮೇಲೆ ಬಂದದ್ದು ಮೋಟಾರು. 1908ರಲ್ಲಿ 850 ಡಾಲರಿದ್ದ ಫೋರ್ಡ್ ಬಂಡಿ 1925ರ ಹೊತ್ತಿಗೆ 260 ಡಾಲರಿಗೆ ಇಳಿಯಿತು. ಹತ್ತಿರದ ಪೇಟೆಯನ್ನು ದಾಟಿ ದೂರದ ದೊಡ್ಡ ಪೇಟೆಗೆ ಹೋಗುವುದು ರೈತನಿಗೆ ಸುಲಭವಾಯಿತು. ಕುದುರೆ ಲಾಯಗಳು ಗ್ಯಾರೇಜುಗಳಾದವು. ನಡುಬೀದಿ ಉಳಿಯಿತು, ಆದರೆ ಅದು ಅನಿವಾರ್ಯವಾಗಿ ಉಳಿಯಲಿಲ್ಲ.

ಲೂಯಿಸನ ನಾಯಕಿ ಕಂಡ ಇಣುಕುನೋಟವೂ, ಉದ್ದರಿ ಪುಸ್ತಕದ ಔದಾರ್ಯವೂ ಒಂದೇ ಬೇರಿನ ಎರಡು ಕೊಂಬೆಗಳು. ನೆರೆಯವರು ನಮ್ಮನ್ನು ಅರಿತಿದ್ದರೆ ಮಾತ್ರ ಕೈಹಿಡಿಯಬಲ್ಲರು. ಅರಿತಿದ್ದರೆ ಆಡಿಕೊಳ್ಳಲೂ ಬಲ್ಲರು. ಒಂದನ್ನು ಕಡಿದು ಇನ್ನೊಂದನ್ನು ಉಳಿಸಿಕೊಳ್ಳುವ ಉಪಾಯ ಆ ಪಟ್ಟಣಗಳಿಗೆ ಹೊಳೆಯಲಿಲ್ಲ. ಬಿಡುಗಡೆ ಬಯಸಿದವರು ಅಂಚೆಗೆ ಹಣ ಕಟ್ಟಿದರು, ಬಿಡುಗಡೆ ಪಡೆದರು. ಅದರ ಬೆಲೆ ಮಾತ್ರ ಸರಕಿನ ಪಟ್ಟಿಯಲ್ಲಿ ಅಚ್ಚಾಗಿರಲಿಲ್ಲ.

ಲೂಯಿಸನಿಗೆ 1930ರಲ್ಲಿ ನೊಬೆಲ್ ಪಾರಿತೋಷಕ ಬಂತು. ಸಾಹಿತ್ಯಕ್ಕಾಗಿ ಅದನ್ನು ಪಡೆದ ಮೊದಲ ಅಮೆರಿಕನ್ ಅವನು. ಕಾದಂಬರಿಯಿಂದ ಮೊದಲು ಮುನಿದ ಊರು, ಕಾಲಾನಂತರ ತನ್ನ ಬೀದಿಗೆ ‘ಮೂಲ ಮೇನ್ ಸ್ಟ್ರೀಟ್’ ಎಂದು ಅಭಿಮಾನದಿಂದ ಹೆಸರಿಟ್ಟುಕೊಂಡಿತು. 1951ರಲ್ಲಿ ಲೂಯಿಸ್ ತೀರಿಕೊಂಡದ್ದು ದೂರದ ರೋಮ್ ನಗರದಲ್ಲಿ. ಅವನ ಚಿತಾಭಸ್ಮವನ್ನು ಸಾಕ್ ಸೆಂಟರಿಗೆ ತಂದು, ಅಲ್ಲಿಯ ಸ್ಮಶಾನದಲ್ಲಿ ಮಣ್ಣುಮಾಡಿದರು. ಊರನ್ನು ಬಿಟ್ಟುಹೋದವನ ಹೆಸರನ್ನು ಊರು ತನ್ನ ಪುಸ್ತಕದಿಂದ ಹೊಡೆದುಹಾಕಿರಲಿಲ್ಲ.