‘ಪ್ಲೇ ಇಟ್ ಬೈ ಇಯರ್’: ಸಡಿಲವಾಗುವುದು ಯಾವುದು?

ಮೊದಲೇ ಯೋಜನೆ ಹಾಕಿಕೊಳ್ಳದೆ, ಸಂದರ್ಭ ಒದಗಿದಂತೆ ನಿರ್ಧರಿಸುವುದನ್ನು ಇಂಗ್ಲಿಷಿನ ಆಡುಮಾತು ‘ಪ್ಲೇ ಇಟ್ ಬೈ ಇಯರ್’ ಎನ್ನುತ್ತದೆ. ನಿಘಂಟುಗಳ ವಿವರಣೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಬಳಕೆಯನ್ನು ಬಿಡಿಸಿ ನೋಡಿದರೆ, ಇದು ಹೊಣೆಯಿಂದ ನುಣುಚಿಕೊಳ್ಳುವ ಮಾತಲ್ಲ ಎಂಬುದು ಸ್ಪಷ್ಟವಾಗುತ್ತದೆ.

ನುಡಿಗಟ್ಟಿನ ಮೂಲ ಸಂಗೀತದಲ್ಲಿದೆ. ಕಿವಿ ಎಂಬ ಅರ್ಥದ ‘ಇಯರ್’ ಪದಕ್ಕೆ ಸ್ವರಗಳನ್ನು ಗುರುತಿಸುವ ಶಕ್ತಿ ಎಂಬ ಅರ್ಥ 16ನೇ ಶತಮಾನದಲ್ಲೇ ಸೇರಿಕೊಂಡಿತ್ತು. ಜಾನ್ ಪ್ಲೇಫರ್ಡ್ ಲಂಡನ್ನಿನಲ್ಲಿ ಸಂಗೀತ ಕೈಪಿಡಿಗಳನ್ನು ಪ್ರಕಟಿಸುತ್ತಿದ್ದ 17ನೇ ಶತಮಾನದ ಹೊತ್ತಿಗೆ, ಸ್ವರಲಿಪಿಯ ನೆರವಿಲ್ಲದೆ ಕೇಳಿದ್ದನ್ನು ನುಡಿಸುವುದಕ್ಕೆ ‘ಬೈ ಇಯರ್’ ಎನ್ನುವುದು ರೂಢಿಯಲ್ಲಿತ್ತು. ಸಂಗೀತದಾಚೆಯ ಅರ್ಥ ಬೆಳೆದದ್ದು 20ನೇ ಶತಮಾನದ ಅಮೆರಿಕದಲ್ಲಿ. 1930ರ ದಶಕದ ಕ್ರೀಡಾ ವರದಿಗಳಲ್ಲಿ ಅದು ಕಾಣಸಿಗುತ್ತದೆ.

ವ್ಯಾಕರಣದಲ್ಲೂ ಒಂದು ಪಲ್ಲಟವಾಗಿದೆ. ವಾದಕನ ಮಾತಿನಲ್ಲಿ ‘ಇಟ್’ ಎಂದರೆ ನಿರ್ದಿಷ್ಟವಾದ ಒಂದು ಧಾಟಿ. ಆಡುಮಾತಿನಲ್ಲಿ ಆ ಸರ್ವನಾಮ ಯಾವ ವಸ್ತುವನ್ನೂ ಬೊಟ್ಟುಮಾಡದೆ ಇಡೀ ಸನ್ನಿವೇಶವನ್ನು ಒಳಗೊಳ್ಳುತ್ತದೆ. ರಂಗಭೂಮಿಯಿಂದ ಬಂದ ‘ವಿಂಗ್ ಇಟ್’ ಎಂಬುದರಲ್ಲೂ ಹೀಗೆಯೇ. ಆದರೂ ಎರಡನ್ನೂ ಸಮಾನಾರ್ಥಕಗಳೆಂದು ಒಪ್ಪಲಾಗದು. ಪಾತ್ರದ ಮಾತು ಕಲಿಯದೆ ವೇದಿಕೆಗೆ ಬಂದ ನಟನಿಂದ ಹುಟ್ಟಿದ ‘ವಿಂಗ್ ಇಟ್’ ಸಿದ್ಧತೆಯ ಕೊರತೆಯನ್ನು ಹೇಳುತ್ತದೆ. ‘ಬೈ ಇಯರ್’ ನುಡಿಸುವವನಿಗಾದರೋ ಪಳಗಿದ ಕಿವಿ ಬೇಕೇಬೇಕು.

ಬಳಕೆಯ ಮುಖ್ಯ ಸಂಗತಿ ಬೇರೆಯೇ ಇದೆ. ಶನಿವಾರ ಸೇರಬೇಕೆಂದಿರುವ ಇಬ್ಬರು ಗೆಳೆಯರಲ್ಲಿ ಒಬ್ಬಳು ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’ ಎಂದಳೆನ್ನಿ. ಸೇರುವ ಗಂಟೆ, ಜಾಗ, ಊಟದ ಏರ್ಪಾಡು ಎಲ್ಲವೂ ತೆರೆದುಕೊಂಡವು. ಸೇರುವ ಇಚ್ಛೆ ಮಾತ್ರ ಹಾಗೇ ಉಳಿಯಿತು. ‘ಲೆಟ್ಸ್’ ಎಂಬುದು ಮುಂದಿನ ನಿರ್ಧಾರವನ್ನು ಇಬ್ಬರದೂ ಆಗಿಸುತ್ತದೆ. ಕನ್ನಡದ ‘ನೋಡೋಣ’ವನ್ನು ಇದಕ್ಕೆ ಸಾಟಿಯಾಗಿ ಇಡುವುದುಂಟು. ಆದರೆ ನಮ್ಮ ‘ನೋಡೋಣ’ ಎಷ್ಟೋ ಸಲ ನಯವಾದ ನಿರಾಕರಣೆ. ಸಾಲ ಕೇಳಲು ಹೋದವರಿಗೆ ಅದು ಚೆನ್ನಾಗಿ ಗೊತ್ತು. ‘ಸಮಯ ನೋಡಿಕೊಂಡು ಮಾಡೋಣ’ ಎಂಬುದೇ ಇದಕ್ಕೆ ಹತ್ತಿರದ ಮಾತೆಂದು ನನ್ನ ಅಭಿಪ್ರಾಯ.

ಈ ಸಡಿಲಿಕೆ ಎಲ್ಲೆಡೆ ಸಲ್ಲದು. ಒಬ್ಬರ ಸಿದ್ಧತೆ ಇನ್ನೊಬ್ಬರ ಖಚಿತ ಉತ್ತರವನ್ನೇ ನೆಚ್ಚಿಕೊಂಡಿರುವಾಗ, ಉದಾಹರಣೆಗೆ ಅಡುಗೆ ಮಾಡುವವರು ಎಷ್ಟು ಜನ ಎಂದು ಕೇಳಿದಾಗ, ಇದೇ ಮಾತು ಅನಾದರವಾಗಿ ಕೇಳಿಸುತ್ತದೆ.

ಇಂದು ಇಂಗ್ಲಿಷ್ ಮಾತನಾಡುವ ಕೆಲವರು ಕಿವಿ ಎಂಬ ಪದದ ಜಾಗದಲ್ಲಿ, ಉಚ್ಚಾರಣೆಯಲ್ಲಿ ಅದಕ್ಕೆ ಹತ್ತಿರವಾದ, ವರ್ಷ ಎಂಬ ಅರ್ಥದ ಪದವನ್ನು ಬರೆಯುತ್ತಾರೆ. ಅವರ ಪಾಲಿಗೆ ಸಂಗೀತದ ನಂಟು ಕಡಿದಿದೆ. ಹಾಗಿದ್ದೂ ನುಡಿಗಟ್ಟನ್ನು ತಕ್ಕ ಸಂದರ್ಭದಲ್ಲಿ, ತಕ್ಕ ಅರ್ಥದಲ್ಲಿಯೇ ಬಳಸುತ್ತಾರೆ.